ರದ್ದಿ ಸಾಮಾನಿನಲ್ಲಿ ಎಡಕುಮೇರಿ ಘಾಟಿ: ಎರಡನೇ ಸಲ ಕಟ್ಟಿದ್ದು

2024ರ ಜುಲೈ ಎರಡನೇ ವಾರ ಕಪಾಟಿನ ಮೇಲಿಂದ ಇಳಿಸಿದಾಗ ಮೊದಲು ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಬೇಸಿಗೆ ರಜೆಯಲ್ಲಿ ನಾನೂ ಮಗಳೂ ಸೇರಿ ರದ್ದಿ ಸಾಮಾನಿನಲ್ಲಿ ಕಟ್ಟಿದ್ದ, ಘಾಟಿಯ ರೈಲು ದಾರಿಯ ಮೂರಡಿ ಉದ್ದದ ಮಾದರಿ ಅದು. ಗುಡ್ಡದ ಇಳಿಜಾರಿನ ಮೇಲೆಲ್ಲ ಹತ್ತಿ ಹಿಂಜಿದಂತೆ ಬಿಳಿ ಬೂಷ್ಟು. ರಟ್ಟಿನ ತಳ ಹಪ್ಪಳದ ಹಾಗೆ ಬಾಗಿ, ಹಳಿ ಎರಡು ಕಡೆ ಮೇಲೆದ್ದಿತ್ತು. ಜಲ್ಲಿಯೆಂದು ಹಾಕಿದ್ದ ಬೊಂಬಾಯಿ ರವೆಯಲ್ಲಿ ಸಣ್ಣ ಕಂದು ಹುಳ ಓಡಾಡುತ್ತಿದ್ದವು. ಮಗಳು ಏನೂ ಮಾತಾಡಲಿಲ್ಲ. ಸುರಂಗದ ಬಾಯಿಂದ ಬೋಗಿಯನ್ನು ಮೆಲ್ಲಗೆ ಎಳೆದು, ಬಟ್ಟೆಯಲ್ಲಿ ಒರೆಸಿ, ಪಕ್ಕಕ್ಕೆ ಇಟ್ಟುಕೊಂಡಳು.

ನಮ್ಮದು ಪುತ್ತೂರು. ಬೆಂಗಳೂರಿಗೆ ಹೋಗುವಾಗ ಸಾಧ್ಯವಾದಾಗೆಲ್ಲ ಹಗಲಿನ ರೈಲನ್ನೇ ಹಿಡಿಯುತ್ತೇವೆ, ಸುಬ್ರಹ್ಮಣ್ಯ ರೋಡ್ ದಾಟಿದ ಮೇಲಿನ ಘಾಟಿಗೋಸ್ಕರ. ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಮೇಲೆ ಸೇತುವೆ. 1979ರಲ್ಲಿ ಮೀಟರ್ ಗೇಜಿನಲ್ಲಿ ಶುರುವಾದ ದಾರಿ. 1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ನಿಲ್ಲಿಸಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ಕ್ಕೆ, ಜನ ಹತ್ತುವ ಗಾಡಿ ಬಂದದ್ದು 2007ರ ಡಿಸೆಂಬರಿಗೆ. ಅಷ್ಟು ವರ್ಷ ಕಾದವರಿಗೆ ಆ ದಾರಿಯ ಮೇಲಿನ ಪ್ರೀತಿ ಸುಮ್ಮನೆ ಬಂದದ್ದಲ್ಲ. ಮಗಳು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಸುರಂಗ ಎಣಿಸುತ್ತಾಳೆ. ನಲವತ್ತರ ಸುಮಾರಿಗೆ ಲೆಕ್ಕ ತಪ್ಪುತ್ತದೆ, ಮುಂದಿನ ಸಲ ಮತ್ತೆ ಒಂದರಿಂದ.

ಬೂಷ್ಟು ಹಿಡಿದ ಮಾದರಿಯನ್ನು ಬಿಸಾಡಬೇಕೋ ರಿಪೇರಿ ಮಾಡಬೇಕೋ ಎಂದು ಯೋಚಿಸುತ್ತಿದ್ದ ಹದಿನೈದು ದಿನದೊಳಗೆ ನಿಜವಾದ ಹಳಿಯ ಸುದ್ದಿ ಬಂತು. ಜುಲೈ 26ರಂದು ಇದೇ ಘಾಟಿಯ ನಿಲ್ದಾಣಗಳಾದ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬದಿಯ ಮಣ್ಣು ಜಾರಿ ರೈಲು ನಿಂತಿತು. 2018ರ ಆಗಸ್ಟಿನಲ್ಲೂ ಹೀಗೇ ಗುಡ್ಡ ಕುಸಿದು ವಾರಗಟ್ಟಲೆ ದಾರಿ ಮುಚ್ಚಿತ್ತು. ಸುದ್ದಿಯ ಚಿತ್ರಗಳಲ್ಲಿ ನಾನು ನೋಡುತ್ತಾ ಕೂತದ್ದು ಹಳಿಯನ್ನಲ್ಲ. ಅದರ ಕೆಳಗೆ ಕೆಲಸಗಾರರು ಸುರಿಯುವ ಮಳೆಯಲ್ಲೇ ಮರಳಿನ ಚೀಲ ಪೇರಿಸುತ್ತಿದ್ದುದನ್ನು, ತಂತಿ ಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿ ಗೋಡೆ ಏರಿಸುತ್ತಿದ್ದುದನ್ನು. ಅದನ್ನು ಗೇಬಿಯನ್ ಗೋಡೆ ಎನ್ನುತ್ತಾರೆ. ನಮ್ಮ ಮೊದಲ ಮಾದರಿಯಲ್ಲಿ ಗುಡ್ಡವಿತ್ತು, ಮರಗಳಿದ್ದವು, ಹಳಿಯಿತ್ತು. ನೀರು ಹೋಗಲು ದಾರಿಯೇ ಇರಲಿಲ್ಲ. ಎರಡನೇ ಸಲ ಕಟ್ಟುವುದಾದರೆ ಅಲ್ಲಿಂದಲೇ ಶುರು ಮಾಡಬೇಕೆಂದು ಅವತ್ತೇ ನಿಶ್ಚಯಿಸಿದೆ.

ಮೊದಲು ಹಳೆಯದನ್ನು ಬಿಚ್ಚಿದೆ. ಕೆಟ್ಟದ್ದು ಎಲ್ಲಿಂದ ಎಂದು ನೋಡಲೇಬೇಕಿತ್ತು. ತಳಕ್ಕೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಬಳಸಿದ್ದೆ. ಅದರೊಳಗಿನ ಅಲೆಯಂಥ ಕೊಳವೆಗಳೆಲ್ಲ ಒಂದೇ ದಿಕ್ಕಿನಲ್ಲಿದ್ದದ್ದರಿಂದ ತೇವ ಹೀರಿದ ಕೂಡಲೇ ಅಡ್ಡಕ್ಕೆ ಬಾಗಿತ್ತು. ಕಾಗದದ ಗುಡ್ಡಕ್ಕೆ ಹಚ್ಚಿದ್ದು ಮೈದಾ ಅಂಟು, ಅದು ಬೂಷ್ಟಿಗೆ ಊಟ. ಮರದ ಎಲೆಗೆಂದು ಹಾಕಿದ್ದ ಚಹಾ ಚರಟ ಪೂರ್ತಿ ಒಣಗಿರಲೇ ಇಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಅಡಿಯಲ್ಲಿತ್ತು. ನೆಲದ ತೇವ ತಾಗದಿರಲಿ ಎಂದು ತಳಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಚ್ಚಿದ್ದೆ. ಹೊರಗಿನ ತೇವ ಒಳಗೆ ಬರಲಿಲ್ಲ ನಿಜ, ಆದರೆ ಒಳಗೆ ಇದ್ದ ಅಂಟಿನ ನೀರು ಹೊರಗೆ ಹೋಗಲೂ ಇಲ್ಲ. ಟೇಪ್ ಕಿತ್ತಾಗ ಹಾಳೆಯ ಒಳಮೈಯಲ್ಲಿ ಹನಿಗಳು ನಿಂತಿದ್ದವು.

ಉಳಿಸಿಕೊಂಡದ್ದು ಬೋಗಿ ಒಂದು, ಅಡಿಕೆ ಹಿಂಗಾರದಿಂದ ಮಾಡಿದ್ದ ಮರಗಳು, ಇದ್ದಿಲಿನ ಬಂಡೆಗಳು. ಉಳಿದದ್ದನ್ನು ತೋಟದ ಗೊಬ್ಬರದ ಗುಂಡಿಗೂ ರದ್ದಿಯವನಿಗೂ ಹಂಚಿದೆ. ಆಟಿಯ ಮಳೆಯಲ್ಲಿ ಏನನ್ನೂ ಅಂಟಿಸಲು ಹೋಗಲಿಲ್ಲ. ಸಾಮಾನು ಕೂಡಿಸುತ್ತಾ ಕೂತು, ನವರಾತ್ರಿ ಕಳೆದ ಮೇಲೆ ಕೆಲಸ ಹಿಡಿದದ್ದು. ಕರಾವಳಿಯಲ್ಲೋ ಮಲೆನಾಡಲ್ಲೋ ಇರುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಕಾಗದ, ಅಂಟು, ಸಿಮೆಂಟಿನ ಕೆಲಸಕ್ಕೆ ಬಿಸಿಲು ಬರುವ ತನಕ ಕಾಯಿರಿ.

ಹೊಸ ತಳ ಸಿಕ್ಕಿದ್ದು ಪೇಟೆಯಲ್ಲಿ ಮುಚ್ಚಿದ ಅಂಗಡಿಯೊಂದರ ನಾಮಫಲಕದಿಂದ. ಸನ್‌ಬೋರ್ಡ್ ಎಂದು ಕರೆಯುವ ಪಿವಿಸಿ ಹಲಗೆ, ನೀರು ಹೀರುವುದಿಲ್ಲ, ಬ್ಲೇಡಿನಲ್ಲೇ ಕತ್ತರಿಸಬಹುದು. 90 ಸೆಂಟಿಮೀಟರ್ ಉದ್ದ, 38 ಅಗಲಕ್ಕೆ ಕತ್ತರಿಸಿ ಅಡಿಯಲ್ಲಿ ಹಳೇ ಅಲ್ಯೂಮಿನಿಯಂ ಕರ್ಟನ್ ಪಟ್ಟಿ ಎರಡನ್ನು ಉದ್ದಕ್ಕೆ ಬಿಗಿದೆ. ನಾಲ್ಕು ಮೂಲೆಗೆ ಬಾಟಲಿ ಮುಚ್ಚಳದ ಕಾಲು. ಹಲಗೆಗೆ ಅಲ್ಲಲ್ಲಿ ಹತ್ತು ಮಿಲಿಮೀಟರಿನ ತೂತು ಹನ್ನೆರಡು. ಗುಡ್ಡದ ಹೊಟ್ಟೆ ಈಗ ಕೆಳಗಿನಿಂದ ಉಸಿರಾಡುತ್ತದೆ.

ಅಳತೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪೇಟೆಯಲ್ಲಿ ಸಿಗುವ ಎಚ್‌ಒ ಮಾದರಿ ರೈಲು 1:87 ಪ್ರಮಾಣದ್ದು, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು; ನಾವು ಹಿಡಿದದ್ದೂ ಅದೇ ಪ್ರಮಾಣ. ಅದರ ಹಳಿಗಳ ನಡುವೆ 16.5 ಮಿಲಿಮೀಟರ್. ಅದು ಪರದೇಶದ 1435 ಮಿಲಿಮೀಟರ್ ಹಳಿಯ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.26 ಬರುತ್ತದೆ. ಅಂಗಡಿಯ ಹಳಿಯ ಮೇಲೆ ನಮ್ಮ ಬೋಗಿ ಇಟ್ಟರೆ ಸಣಕಲು ಕಾಲಿನ ಮೇಲೆ ದೊಡ್ಡ ಹೊಟ್ಟೆ ಇಟ್ಟಂತೆ ಕಾಣುವುದು ಇದಕ್ಕೇ. ನಮ್ಮದು ಓಡುವ ರೈಲಲ್ಲ, ನಿಂತ ದೃಶ್ಯ. ಹಾಗಾಗಿ ಹಳಿಯನ್ನು ಕೈಯಲ್ಲೇ ಮಾಡಿ 19 ಮಿಲಿಮೀಟರಿಗೆ ಕೂರಿಸುವ ಸ್ವಾತಂತ್ರ್ಯ ಇತ್ತು, ಅದನ್ನು ಬಿಡಲಿಲ್ಲ.

ಸ್ಲೀಪರಿಗೆ, ಅಂದರೆ ಹಳಿಯ ಅಡಿಯ ಅಡ್ಡಪಟ್ಟಿಗೆ, ಐಸ್‌ಕ್ರೀಮ್ ಕಡ್ಡಿ. ನಿಜವಾದ ಕಾಂಕ್ರೀಟ್ ಸ್ಲೀಪರ್ 2.75 ಮೀಟರ್ ಉದ್ದ, ಕಿಲೋಮೀಟರಿಗೆ 1660ರಂತೆ ಹಾಕುತ್ತಾರೆ. ನಮ್ಮ ಪ್ರಮಾಣಕ್ಕೆ ತಂದರೆ ಉದ್ದ 32 ಮಿಲಿಮೀಟರ್, ಒಂದರಿಂದ ಒಂದಕ್ಕೆ 7 ಮಿಲಿಮೀಟರ್. ಒಂದು ಕಡ್ಡಿಯನ್ನು ಉದ್ದಕ್ಕೆ ಮೂರು ಸೀಳು, ಅಡ್ಡಕ್ಕೆ ಮೂರು ತುಂಡು ಮಾಡಿದರೆ ಒಂಬತ್ತು ಸ್ಲೀಪರ್. ಮಗಳು ಕೂತು ಸುಮಾರು 130 ಕತ್ತರಿಸಿದಳು, ಬೂದಿ ಬಣ್ಣ ಹಚ್ಚಿದಳು.

ಹಳಿಗೆ ಮೊದಲ ಸಲ ಮದುವೆ ಕಾಗದದ ಪಟ್ಟಿ ಬಳಸಿ ಕೈ ಸುಟ್ಟುಕೊಂಡಿದ್ದೆ. ಈ ಸಲ ಮನೆಯ ವೈರಿಂಗ್ ಬದಲಿಸಿದಾಗ ತೆಗೆದಿಟ್ಟಿದ್ದ 1.5 ಚದರ ಮಿಲಿಮೀಟರಿನ ಒಂಟಿ ಎಳೆ ತಾಮ್ರದ ತಂತಿ. ಮೇಲಿನ ಪ್ಲಾಸ್ಟಿಕ್ ಸುಲಿದು, ಒಂದು ತುದಿಯನ್ನು ಕಿಟಕಿ ಸರಳಿಗೆ ಸುತ್ತಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಜೋರಾಗಿ ಒಂದೇ ಸಲ ಎಳೆದರೆ ತಂತಿ ಕೈಯಲ್ಲಿ ಸ್ವಲ್ಪ ಸಡಿಲಿದ ಅನುಭವ ಆಗುತ್ತದೆ. ಆಮೇಲೆ ಅದು ದಾರ ಹಿಡಿದಷ್ಟು ನೇರ. ದುಂಡಗಿನ ತಂತಿಯ ನೆತ್ತಿಯನ್ನು ಚಪ್ಪಟೆ ಅರದಿಂದ ಉಜ್ಜಿದಾಗ ತೆಳ್ಳಗಿನ ಹೊಳೆಯುವ ಪಟ್ಟಿಯೊಂದು ಮೂಡಿತು, ಚಕ್ರ ಉರುಳಿ ಉರುಳಿ ಸವೆದ ಹಳಿಯ ಹಾಗೆಯೇ. ಬದಿಗೆ ಗೇಟಿನಿಂದ ಕೆರೆದ ತುಕ್ಕಿನ ಪುಡಿಯನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ ಹಚ್ಚಿದೆ. ಅವಧಿ ಮುಗಿದ ಎಟಿಎಂ ಕಾರ್ಡಿನ ತುಂಡಿಗೆ 19 ಮಿಲಿಮೀಟರ್ ಅಂತರದ ಕಚ್ಚು ಮಾಡಿ, ಅದನ್ನು ಹಳಿಗಳ ನಡುವೆ ಸರಿಸುತ್ತಾ ಹೋದರೆ ಅಳತೆ ಎಲ್ಲೂ ತಪ್ಪುವುದಿಲ್ಲ. ಐದು ಸ್ಲೀಪರಿಗೊಂದರಂತೆ ಫೆವಿಕ್ವಿಕ್ ಹನಿ, ಉಳಿದ ಕಡೆ ಎಪಾಕ್ಸಿ.

ಘಾಟಿಯ ಏರು 50ಕ್ಕೆ 1. ಸುಬ್ರಹ್ಮಣ್ಯ ರೋಡಿನಲ್ಲಿ ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸಿ ಮೇಲೆ ಹತ್ತಿಸುವುದು ಈ ಏರಿಗಾಗಿ. 90 ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಏರು ಬರೀ 18 ಮಿಲಿಮೀಟರ್. ಹೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಹಳಿ ಕೂರಿಸಿ ಎದುರಿನಿಂದ ನೋಡಿದಾಗ ಕಣ್ಣಿಗೆ ಸ್ಪಷ್ಟವಾಗಿ ತಾಗುತ್ತದೆ, ಶರ್ಟಿನ ಗುಂಡಿ ಇಟ್ಟರೆ ಉರುಳಿಕೊಂಡು ಕೆಳಗೆ ಬರುತ್ತದೆ. ತಿರುವಿನಲ್ಲಿ ಮಾತ್ರ ಲೆಕ್ಕಕ್ಕೆ ನಿಷ್ಠನಾಗಿರಲು ಆಗಲಿಲ್ಲ. 220 ಮೀಟರ್ ತ್ರಿಜ್ಯದ ತಿರುವು ಕೂಡ ಈ ಪ್ರಮಾಣದಲ್ಲಿ ಎರಡೂವರೆ ಮೀಟರ್ ಆಗುತ್ತದೆ. ಹಲಗೆಯಲ್ಲಿ ಜಾಗವಿದ್ದಷ್ಟು ಬಾಗಿಸಿ ಒಪ್ಪಿಕೊಂಡೆ.

ಗುಡ್ಡದ ಒಳಗೆ ಟಿವಿ ಪ್ಯಾಕಿಂಗಿನ ಥರ್ಮಕೋಲ್. ಇದನ್ನು ಬಿಸಿ ತಂತಿಯಿಂದ ಮುಚ್ಚಿದ ಕೋಣೆಯಲ್ಲಿ ಕೊಯ್ಯಬೇಡಿ, ಹೊಗೆ ಒಳ್ಳೆಯದಲ್ಲ. ಸ್ಪ್ರೇ ಪೇಂಟನ್ನೂ ತಿನ್ನರ್ ಇರುವ ಅಂಟನ್ನೂ ಅದರ ಹತ್ತಿರ ತರಬೇಡಿ, ಮಂಜುಗಡ್ಡೆಯಂತೆ ಕರಗಿ ಗುಂಡಿ ಬೀಳುತ್ತದೆ. ನಾನು ಹಿಡಿಸೂಡಿ ಕಡ್ಡಿ ಚುಚ್ಚಿ ಪದರಗಳನ್ನು ಜೋಡಿಸಿ, ನಡುವೆ ಫೆವಿಕಾಲ್ ಹಾಕಿ ಎರಡು ದಿನ ಬಿಟ್ಟೆ. ಅದರ ಮೇಲೆ ಹಳೇ ಪಂಚೆಯ ಪಟ್ಟಿಗಳನ್ನು ಟೈಲ್ಸ್ ಕೆಲಸದಲ್ಲಿ ಉಳಿದಿದ್ದ ಬಿಳಿ ಸಿಮೆಂಟಿನ ಗಂಜಿಯಲ್ಲಿ ಅದ್ದಿ ಹೊದೆಸಿದೆ. ಮೂರು ದಿನ ನೀರು ಚಿಮುಕಿಸಿದ ಮೇಲೆ ಬೆರಳಲ್ಲಿ ತಟ್ಟಿದರೆ ಮಡಕೆಯ ಸದ್ದು. ಮೈದಾ ಅಂಟಿಗೆ ಈ ಸಲ ಜಾಗವೇ ಇಲ್ಲ.

ಬಂಡೆಗೆ ಬಚ್ಚಲೊಲೆಯ ಇದ್ದಿಲು. ಘಾಟಿಯ ಕಡಿದ ಬಂಡೆ ಮಳೆಯಲ್ಲಿ ಒದ್ದೆಯಾದಾಗ ಹೇಗೆ ಕಪ್ಪಗೆ ಮಿನುಗುತ್ತದೋ, ಒಡೆದ ಇದ್ದಿಲಿನ ಮುಖ ಹಾಗೇ ಇರುತ್ತದೆ. ಒಡೆಯುವ ರೀತಿಯೂ ಬಂಡೆಯದೇ. ಯಾವ ಅಂಗಡಿಯ ಬಂಡೆ ಅಚ್ಚೂ ಇದರ ಹತ್ತಿರ ಬರುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಕೈಗೆ ಮಸಿ ಹತ್ತದಂತೆ ನೀರು ಬೆರೆಸಿದ ಫೆವಿಕಾಲನ್ನು ಎರಡು ಸಲ ಕುಡಿಸಬೇಕು. ಮರಕ್ಕೆ ಒಣಗಿದ ಅಡಿಕೆ ಹಿಂಗಾರ. ಕವಲು ಕವಲಾಗಿ ಒಡೆದ ಆ ಗೊಂಚಲನ್ನು ತಲೆಕೆಳಗು ಮಾಡದೆ ಹಾಗೇ ನೆಟ್ಟರೂ ಕಾಡಿನ ಮರ. ಎಲೆಗೆ ತೆಂಗಿನ ನಾರಿನ ಪುಡಿ ಮತ್ತು ಚಹಾ ಚರಟ. ಚರಟವನ್ನು ಈ ಸಲ ಬಾಣಲೆಯಲ್ಲಿ ಸದ್ದು ಬರುವ ತನಕ ಹುರಿದು, ಹಸಿರು ಬಣ್ಣ ಹಾಕಿ, ಮತ್ತೆ ಒಣಗಿಸಿ, ಕ್ಯಾರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿಯನ್ನು ಒಂದು ಹಿಡಿಗೆ ಒಂದು ಚಮಚದಂತೆ ಬೆರೆಸಿದೆ. ಹುಳಕ್ಕೂ ಬೂಷ್ಟಿಗೂ ಅದು ಆಗದು. ಸಣ್ಣ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಪೊದೆಗೆ ತುಪ್ಪದ ಹೀರೆಯ ನಾರು.

ಜಲ್ಲಿಗೆ ಎಂ-ಸ್ಯಾಂಡ್, ಪಕ್ಕದ ಮನೆ ಕಟ್ಟುವಲ್ಲಿ ಉಳಿದದ್ದು. ಹಳಿಯ ನಿಜವಾದ ಜಲ್ಲಿ 50 ಮಿಲಿಮೀಟರ್ ಅಂದುಕೊಂಡರೆ ನಮಗೆ ಬೇಕಾದದ್ದು ಅರ್ಧ ಮಿಲಿಮೀಟರ್ ಚಿಲ್ಲರೆ. ರವೆ ಜರಡಿಯಲ್ಲಿ ಇಳಿದು ಚಹಾ ಸೋಸುವುದರಲ್ಲಿ ನಿಂತದ್ದನ್ನು ತೊಳೆದು ಒಣಗಿಸಿ ಹಾಕಿದೆ. ತಿನ್ನುವ ಯಾವ ವಸ್ತುವೂ ಮಾದರಿಯಲ್ಲಿ ಬೇಡ.

ಸುರಂಗಕ್ಕೆ ಅರ್ಧ ಲೀಟರ್ ನೀರಿನ ಬಾಟಲಿಯನ್ನು ಉದ್ದಕ್ಕೆ ಸೀಳಿದ್ದು. ಅದರ ಅಗಲ ಸುಮಾರು 63 ಮಿಲಿಮೀಟರ್, ಅಂದರೆ ಐದೂವರೆ ಮೀಟರ್. ಒಳಮೈಗೆ ಮೊಟ್ಟೆ ಟ್ರೇಯ ತುಂಡು ಅಂಟಿಸಿ ಕಪ್ಪು ಬಳಿದೆ. ಸೇತುವೆ ಸಣ್ಣದು, 14 ಸೆಂಟಿಮೀಟರ್. ಅದರ ಮೇಲೆ ಸ್ಲೀಪರುಗಳನ್ನು 6 ಮಿಲಿಮೀಟರಿಗೆ ಹತ್ತಿರ ತಂದು, ಒಳಬದಿಗೆ ಎರಡು ಕಾವಲು ಹಳಿಗಳನ್ನೂ ಹಾಕಿದೆ. ಬೋಗಿ ಹಳಿ ತಪ್ಪಿದರೂ ಕೆಳಗೆ ಬೀಳದಂತೆ ಹಿಡಿಯಲು ನಿಜವಾದ ಸೇತುವೆಯಲ್ಲಿ ಅವು ಇರುತ್ತವೆ.

ಇನ್ನು ಗೇಬಿಯನ್ ಗೋಡೆ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂತದ್ದು ಇದರ ಮೇಲೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ ಮತ್ತು ಎತ್ತರದ ಪೆಟ್ಟಿಗೆ ಎಂದು ಹಿಡಿದರೆ 23 ಮಿಲಿಮೀಟರ್, ಹನ್ನೊಂದೂವರೆ, ಹನ್ನೊಂದೂವರೆ. ಹರಿದ ಕಿಟಕಿಯ ಸೊಳ್ಳೆ ಪರದೆಯ ಕಣ್ಣು ಒಂದೂಕಾಲು ಮಿಲಿಮೀಟರ್ ಆಸುಪಾಸು. ತಂತಿ ಬಲೆಗೆ ಅಷ್ಟೇ ಬೇಕಿತ್ತು. ಅದೇ ಅಳತೆಯ ಮರದ ತುಂಡಿನ ಸುತ್ತ ಪರದೆಯನ್ನು ಮಡಚಿ, ಮೂಲೆಗಳನ್ನು ಬೂದಿ ಬಣ್ಣದ ದಾರದಲ್ಲಿ ಹೊಲಿದು, ತುಂಡನ್ನು ಎಳೆದರೆ ಬಾಯಿ ತೆರೆದ ಪುಟ್ಟ ಪೆಟ್ಟಿಗೆ. ಒಳಗೆ ಒಂದೂವರೆ ಎರಡು ಮಿಲಿಮೀಟರಿನ ಕಲ್ಲನ್ನು ಚಿಮುಟದಿಂದ ಇಡಬೇಕು. ಸುರಿದರೆ ಸಾಲದು; ಎದುರಿನ ಮುಖಕ್ಕೆ ದೊಡ್ಡ ಕಲ್ಲುಗಳ ಚಪ್ಪಟೆ ಬದಿ ಬರುವಂತೆ ಕೂರಿಸಿದರೆ ಮಾತ್ರ ಕೈಯಲ್ಲಿ ಪೇರಿಸಿದ ಗೋಡೆಯಂತೆ ಕಾಣುತ್ತದೆ. ಮೇಲಿನ ಮುಚ್ಚಳ ಹೊಲಿದ ಮೇಲೆ ಇಂಕ್ ಫಿಲ್ಲರಿನಿಂದ ನೀರಾದ ಫೆವಿಕಾಲ್ ಆರು ಹನಿ, ಅದಕ್ಕಿಂತ ಹೆಚ್ಚು ಬೇಡ. ಕಲ್ಲಿನ ನಡುವಿನ ಸಂದು ತೆರೆದೇ ಇರಬೇಕು. ಒಂದು ಪೆಟ್ಟಿಗೆಗೆ ನಲವತ್ತು ನಿಮಿಷ ಹಿಡಿಯಿತು. ಇಪ್ಪತ್ತೆರಡು ಮಾಡಿದೆವು, ಮೆಟ್ಟಿಲಿನಂತೆ ಒಂದೊಂದು ಸಾಲನ್ನೂ ಸ್ವಲ್ಪ ಹಿಂದೆ ಸರಿಸಿ ನಾಲ್ಕು ಸಾಲು.

ಗೋಡೆಯ ಹಿಂದೆ ಕಾಂಕ್ರೀಟಿನ ತಡೆಗೋಡೆ ಸ್ವಲ್ಪ ಭಾಗದಲ್ಲಿ ಬರುತ್ತದೆ. ಅದಕ್ಕೆ ಖಾಲಿ ಬಾಲ್‌ಪೆನ್ ರಿಫಿಲ್ಲಿನ ತುಂಡುಗಳನ್ನು ನೀರಿನ ಕೊಳವೆಗಳಾಗಿ ಕೂರಿಸಿದೆ. ತೋರಿಕೆಗಲ್ಲ, ಆರೂ ಗುಡ್ಡದ ಒಳಗಿನವರೆಗೆ ಹೋಗುತ್ತವೆ. ಹಳಿಯ ಪಕ್ಕಕ್ಕೆ ಚರಂಡಿ, ಗುಡ್ಡದ ನೆತ್ತಿಯಲ್ಲಿ ಇನ್ನೊಂದು. ಬಣ್ಣ ಹಚ್ಚುವ ಮೊದಲು ಪರೀಕ್ಷೆ ಮಾಡಲೇಬೇಕೆಂದು ಮಗಳು ಹಟ ಹಿಡಿದಳು. ಅಂಗಳದಲ್ಲಿಟ್ಟು, ಗುಡ್ಡದ ತಲೆಯ ಮೇಲೆ ಚೊಂಬಿನಿಂದ ನಿಧಾನ ನೀರು ಬಿಟ್ಟಳು. ನೆತ್ತಿಯ ಚರಂಡಿ ತುಂಬಿ ಬದಿಗೆ ಹರಿಯಿತು. ಒಳಗೆ ಇಳಿದದ್ದು ಸ್ವಲ್ಪ ಹೊತ್ತು ಎಲ್ಲೂ ಕಾಣಲಿಲ್ಲ. ಆಮೇಲೆ ರಿಫಿಲ್ ಕೊಳವೆಗಳಲ್ಲಿ ಒಂದೊಂದೇ ಹನಿ, ಗೇಬಿಯನ್ ಕಲ್ಲುಗಳ ಸಂದಿನಿಂದ ತೆಳ್ಳಗಿನ ನೀರು. ಕಲ್ಲುಗಳು ಕಪ್ಪಗಾದವು, ಒಂದೂ ಅಲುಗಲಿಲ್ಲ. ಅವಳು ಮೊಣಕಾಲೂರಿ ಕೂತು ಆ ಹನಿಗಳನ್ನೇ ನೋಡುತ್ತಿದ್ದಳು. ನನಗೂ ಏಳಲು ಮನಸ್ಸಾಗಲಿಲ್ಲ.

ಬೋಗಿಯ ಕೆಲಸ ಡಿಸೆಂಬರಿನಲ್ಲಿ. ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ, ಅಂದರೆ ಐಸಿಎಫ್ ಬೋಗಿಯ ಮೈ 21.337 ಮೀಟರ್ ಉದ್ದ, 3.245 ಮೀಟರ್ ಅಗಲ. ನಮಗೆ 245 ಮತ್ತು 37 ಮಿಲಿಮೀಟರ್. ಹಳೇ ಬೋಗಿ ಮದುವೆ ಕಾಗದದ್ದು, ಅದರ ಹೊಟ್ಟೆ ಉಬ್ಬಿತ್ತು. ಅದನ್ನು ಸುರಂಗದೊಳಗೆ ಅರ್ಧ ನುಗ್ಗಿಸಿಟ್ಟೆ, ಉಬ್ಬಿದ ಭಾಗ ಕತ್ತಲಲ್ಲಿ. ಹೊಸದಕ್ಕೆ ಒಂದು ಲೀಟರಿನ ಟೆಟ್ರಾ ಪ್ಯಾಕ್. ಕಾಗದದ ಜೊತೆ ಪಾಲಿಥೀನ್ ಮತ್ತು ಅಲ್ಯೂಮಿನಿಯಂ ಪದರ ಇರುವುದರಿಂದ ತೇವಕ್ಕೆ ಸುಲಭಕ್ಕೆ ಜಗ್ಗುವುದಿಲ್ಲ. ಬಿಡಿಸಿ ತೊಳೆದು, ಮಡಿಕೆಗಳನ್ನು ಚಮಚದ ಬೆನ್ನಿನಿಂದ ತೀಡಬೇಕು. ಒಂದು ಗೆರೆ ಎಷ್ಟು ತೀಡಿದರೂ ಉಳಿಯಿತು, ಅದನ್ನು ಬಾಗಿಲಿನ ಹತ್ತಿರಕ್ಕೆ ತಂದೆ. ಹೊರಮೈಯನ್ನು 400 ನಂಬರಿನ ಉಪ್ಪುಕಾಗದದಲ್ಲಿ ಉಜ್ಜದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಕಿಟಕಿಯ ಅಡ್ಡ ಸರಳುಗಳಿಗೆ ಅಜ್ಜಿಯ ಹರಿದ ಸೀರೆಯಂಚಿನ ಜರಿ ಎಳೆ. ಚಕ್ರದ ವ್ಯಾಸ 915 ಮಿಲಿಮೀಟರ್, ಅಂದರೆ ಹತ್ತೂವರೆ. ಶರ್ಟಿನ ಗುಂಡಿ ಹನ್ನೊಂದು. ಅರ್ಧ ಮಿಲಿಮೀಟರಿನ ವ್ಯತ್ಯಾಸ ಬೋಗಿಯ ನೆರಳಿನಲ್ಲಿ ಮುಚ್ಚಿಹೋಗುತ್ತದೆ.

ಕೊನೆಗೆ ಒಬ್ಬ ಮನುಷ್ಯ. ಮಳೆಗಾಲದಲ್ಲಿ ಹಳಿಯುದ್ದಕ್ಕೂ ರಾತ್ರಿ ನಡೆದು ಗುಡ್ಡ ನೋಡುವ ಗಸ್ತಿನವರು ಇದ್ದಾರಲ್ಲ, ಅವರಲ್ಲಿ ಒಬ್ಬ. ಎತ್ತರ ಹತ್ತೊಂಬತ್ತೂವರೆ ಮಿಲಿಮೀಟರ್. ತಂತಿಯ ಮೈ, ಹಾಲಿನ ಪ್ಯಾಕೆಟಿನ ನೀಲಿ ಅಂಚಿನಿಂದ ಕತ್ತರಿಸಿದ ಮಳೆಕೋಟು, ಕೈಯಲ್ಲಿ ಕೆಟ್ಟ ಚಾರ್ಜರಿನಿಂದ ತೆಗೆದ ಸಣ್ಣ ಎಲ್‌ಇಡಿ. ಎರಡು ಪೆನ್ಸಿಲ್ ಸೆಲ್ಲು ಅಡಿಯಲ್ಲಿ. ಅವನನ್ನು ಗೇಬಿಯನ್ ಗೋಡೆಯ ಮೇಲ್ತುದಿಯಲ್ಲಿ, ಹಳಿಯ ಪಕ್ಕ, ಬೆಳಕು ಕೆಳಗೆ ಬೀಳುವಂತೆ ನಿಲ್ಲಿಸಿದೆವು. ಬೋಗಿಯೊಳಗಿನ ಜನ ನಿದ್ದೆ ಮಾಡುವುದು ಅವನು ಎಚ್ಚರ ಇರುವುದರಿಂದ.

2025ರ ಮಳೆಗಾಲ ಪೂರ್ತಿ ಮಾದರಿ ಅದೇ ಕಪಾಟಿನ ಮೇಲೆ ಇತ್ತು. ತಿಂಗಳಿಗೊಮ್ಮೆ ಇಳಿಸಿ ಉಕ್ಕಿನ ಅಳತೆಪಟ್ಟಿ ಹಳಿಯ ಮೇಲಿಟ್ಟು ನೋಡುತ್ತಿದ್ದೆ. ಆಗಸ್ಟಿನಲ್ಲಿ ನಡುವೆ ಒಂದು ಕಾಗದ ತೂರುವಷ್ಟು ಸಂದು, ಸೆಪ್ಟೆಂಬರಿನಲ್ಲಿ ಅಷ್ಟೇ. ಬೂಷ್ಟು ಒಂದೇ ಕಡೆ ಕಂಡಿತು, ಸೇತುವೆಯ ಕೆಳಗಿನ ಹೀರೆ ನಾರಿನಲ್ಲಿ. ಅದಕ್ಕೆ ಬೋರಿಕ್ ಪುಡಿ ಹಾಕಲು ಮರೆತಿದ್ದೆ, ಕಿತ್ತು ಬೇರೆ ಹಾಕಿದೆ. ಈ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ತಡೆಗೋಡೆಯ ಮೂರು ರಿಫಿಲ್ ಕೊಳವೆಗಳಲ್ಲಿ ಧೂಳು ಕಟ್ಟಿದ್ದು ಮಗಳ ಕಣ್ಣಿಗೆ ಬಿತ್ತು. ಸೂಜಿ ತಂದು ಒಂದೊಂದನ್ನೂ ಚುಚ್ಚಿ ಬಿಡಿಸಿದಳು, ನೆತ್ತಿಯ ಚರಂಡಿಯನ್ನು ಬಣ್ಣದ ಕುಂಚದಲ್ಲಿ ಗುಡಿಸಿದಳು, ಆಮೇಲೆ ಗಸ್ತಿನವನ ಸೆಲ್ಲು ಬದಲಿಸಿದಳು.